ಸಂತಾನ ಚಿಕಿತ್ಸೆ ಮತ್ತು ನವಜಾತ ಶಿಶುವಿನ ತೂಕ

ಮಗು ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಅದನ್ನು ತಕ್ಕಡಿಯ ಮೇಲೆ ಮಲಗಿಸಿ ತೂಕ ನೋಡುವುದು ಎಲ್ಲ ಆಸ್ಪತ್ರೆಗಳಲ್ಲಿಯೂ ರೂಢಿಯಲ್ಲಿರುವ ಕ್ರಮ. ಹೆರಿಗೆ ಕೊಠಡಿಯ ಹೊರಗೆ ಕಾದು ನಿಂತ ಅಜ್ಜಿಯೂ ತಾಯಿ-ಮಗುವಿನ ಕ್ಷೇಮ ವಿಚಾರಿಸಿದ ಮರುಗಳಿಗೆಯಲ್ಲಿ ಕೇಳುವುದು "ಮಗು ಎಷ್ಟು ತೂಗಿತು?" ಎಂದೇ. ಬಹುಕಾಲ ಮಕ್ಕಳಿಲ್ಲದೆ, ಚಿಕಿತ್ಸೆಯ ನೆರವಿನಿಂದ ಗರ್ಭ ಧರಿಸಿದ ತಾಯಿಯ ಮನೆಯಲ್ಲಿ ಈ ಪ್ರಶ್ನೆಗೆ ಇನ್ನಷ್ಟು ಆತಂಕ ಬೆರೆತಿರುತ್ತದೆ. ಚಿಕಿತ್ಸೆಯಿಂದ ಹುಟ್ಟಿದ ಮಗು ಇತರ ಮಕ್ಕಳಂತೆ ಪುಷ್ಟವಾಗಿರುವುದೇ? ತೂಕ ಕಡಿಮೆಯಾದರೆ ಅದಕ್ಕೆ ಚಿಕಿತ್ಸೆಯೇ ಕಾರಣವೇ? ಈ ಪ್ರಶ್ನೆಗಳಿಗೆ ಕಳೆದ ಕೆಲವು ದಶಕಗಳ ಸಂಶೋಧನೆಯು ಸಾಕಷ್ಟು ಸ್ಪಷ್ಟವಾದ ಉತ್ತರಗಳನ್ನು ಒದಗಿಸಿದೆ.

ತೂಕ ಏನನ್ನು ಹೇಳುತ್ತದೆ?

ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯಂತೆ, ಹುಟ್ಟುವಾಗ 2,500 ಗ್ರಾಂಗಿಂತ ಕಡಿಮೆ ತೂಗುವ ಶಿಶು 'ಕಡಿಮೆ ತೂಕದ ಶಿಶು' ಎನಿಸುತ್ತದೆ. 1,500 ಗ್ರಾಂಗಿಂತ ಕಡಿಮೆಯಾದರೆ ಅದು 'ಅತಿ ಕಡಿಮೆ ತೂಕದ ಶಿಶು'. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ತೂಕ ದಾಖಲಾದ ಶಿಶುಗಳಲ್ಲಿ ಶೇಕಡ 18ರಷ್ಟು ಈ ಗುಂಪಿಗೆ ಸೇರಿವೆ. ಅವುಗಳಲ್ಲಿ ಬಹುಪಾಲು ಸಹಜವಾಗಿ ಗರ್ಭದಲ್ಲಿ ಮೂಡಿದ ಮಕ್ಕಳೇ ಎಂಬುದನ್ನು ಆರಂಭದಲ್ಲಿಯೇ ನೆನಪಿಡುವುದು ಒಳ್ಳೆಯದು.

ತೂಕ ಕಡಿಮೆಯಾಗಲು ಮುಖ್ಯವಾಗಿ ಎರಡು ಕಾರಣಗಳಿವೆ. ಒಂದು, 37 ವಾರಗಳು ತುಂಬುವ ಮೊದಲೇ ಹೆರಿಗೆಯಾಗುವುದು. ಇನ್ನೊಂದು, ದಿನ ತುಂಬಿದರೂ ಮಗು ಗರ್ಭದಲ್ಲಿ ತಕ್ಕಷ್ಟು ಬೆಳೆಯದಿರುವುದು. ಮೊದಲನೆಯದರಲ್ಲಿ ಶ್ವಾಸಕೋಶ, ಮಿದುಳು ಮೊದಲಾದ ಅಂಗಗಳು ಇನ್ನೂ ಬಲಿತಿರುವುದಿಲ್ಲ. ಎರಡನೆಯದರಲ್ಲಿ ಮಾಸಿನ ಮೂಲಕ ಮಗುವಿಗೆ ಬೇಕಾದಷ್ಟು ಪೋಷಣೆ ದೊರೆತಿರುವುದಿಲ್ಲ. ಎರಡೂ ಸೇರಿದ ಶಿಶುವಿಗೆ ಅಪಾಯ ಹೆಚ್ಚು.

ಜನನದ ತೂಕದ ಪ್ರಭಾವ ಶೈಶವಕ್ಕೆ ಮುಗಿಯುವುದಿಲ್ಲ ಎಂಬುದಕ್ಕೆ ಒಂದು ಮುಖ್ಯ ಸಾಕ್ಷ್ಯ ದೊರೆತಿರುವುದು ಮೈಸೂರಿನಿಂದ. ಅಲ್ಲಿಯ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1934ರಿಂದ ಶಿಶುಗಳ ತೂಕ, ಉದ್ದ ಮತ್ತು ತಲೆಯ ಸುತ್ತಳತೆಯನ್ನು ಜತನವಾಗಿ ದಾಖಲಿಸಿಡಲಾಗಿತ್ತು. 1934 ಮತ್ತು 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಸಂಶೋಧಕರು ಪತ್ತೆ ಹಚ್ಚಿ ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದ್ದವರ ಪೈಕಿ ಶೇಕಡ 11ರಷ್ಟು ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆ ಕಂಡುಬಂದಿತು. ಮೂರು ಕಿಲೋಗೂ ಹೆಚ್ಚು ತೂಕದಿಂದ ಹುಟ್ಟಿದವರಲ್ಲಿ ಈ ಪ್ರಮಾಣ ಶೇಕಡ 3ಕ್ಕೆ ಇಳಿದಿತ್ತು. ಇವರೆಲ್ಲರೂ ಸಂತಾನ ಚಿಕಿತ್ಸೆಗಳು ಬಳಕೆಗೆ ಬರುವ ಮೊದಲೇ ಹುಟ್ಟಿದವರು. ಆದರೂ ಚಿಕಿತ್ಸೆಯಿಂದ ಹುಟ್ಟುವ ಮಕ್ಕಳ ತೂಕವನ್ನು ವಿಜ್ಞಾನಿಗಳು ಏಕೆ ಅಷ್ಟು ಆಸ್ಥೆಯಿಂದ ಗಮನಿಸುತ್ತಾರೆ ಎಂಬುದು ಇದರಿಂದ ತಿಳಿಯುತ್ತದೆ.

ಚಿಕಿತ್ಸೆಯ ವಿಧಾನಗಳು

ಸಂತಾನ ಚಿಕಿತ್ಸೆ ಎಂದರೆ ಒಂದೇ ವಿಧಾನವಲ್ಲ. ಅಂಡಾಶಯದಿಂದ ಅಂಡ ಬಿಡುಗಡೆಯಾಗುವಂತೆ ಮಾತ್ರೆ ಅಥವಾ ಚುಚ್ಚುಮದ್ದು ಕೊಡುವುದು ಮೊದಲ ಮೆಟ್ಟಿಲು. ಶುದ್ಧಗೊಳಿಸಿದ ವೀರ್ಯವನ್ನು ಸಕಾಲದಲ್ಲಿ ನೇರವಾಗಿ ಗರ್ಭಾಶಯಕ್ಕೆ ಸೇರಿಸುವುದು ಎರಡನೆಯದು. ಅಂಡಗಳನ್ನು ಹೊರತೆಗೆದು, ಪ್ರಯೋಗಶಾಲೆಯಲ್ಲಿ ವೀರ್ಯಾಣುಗಳೊಡನೆ ಕೂಡಿಸಿ, ಬೆಳೆದ ಭ್ರೂಣವನ್ನು ಗರ್ಭಾಶಯದಲ್ಲಿ ಇಡುವುದು ಮೂರನೆಯದು. ಇದೇ ಜನರು 'ಪ್ರನಾಳ ಶಿಶು' ಎಂದು ಕರೆಯುವ ಐ.ವಿ.ಎಫ್. ವಿಧಾನ. ವೀರ್ಯಾಣುಗಳು ದುರ್ಬಲವಾಗಿದ್ದರೆ ಒಂದೇ ವೀರ್ಯಾಣುವನ್ನು ಸೂಜಿಯ ಮೂಲಕ ಅಂಡದೊಳಕ್ಕೆ ಸೇರಿಸುವ 'ಇಕ್ಸಿ' ವಿಧಾನವನ್ನು ಅನುಸರಿಸಲಾಗುತ್ತದೆ. ಮಿಕ್ಕ ಭ್ರೂಣಗಳನ್ನು ಅತಿಶೀತಲ ಸ್ಥಿತಿಯಲ್ಲಿ ಘನೀಕರಿಸಿ ಕಾಯ್ದಿರಿಸಿ, ಮುಂದೆ ಬಳಸುವುದೂ ಈಗ ಸಾಮಾನ್ಯವಾಗಿದೆ.

ಜಗತ್ತಿನ ಮೊದಲ ಪ್ರನಾಳ ಶಿಶು 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಪಟ್ಟಣದಲ್ಲಿ ಜನಿಸಿತು. ಆ ಹೆಣ್ಣು ಮಗುವಿನ ತೂಕ ಸುಮಾರು 2,600 ಗ್ರಾಂ. ಅದೇ ವರ್ಷ ಅಕ್ಟೋಬರ್ 3ರಂದು ಕಲ್ಕತ್ತಾದಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ಭಾರತದ ಮೊದಲ ಪ್ರನಾಳ ಶಿಶು ಜನಿಸಿತು. ಘನೀಕರಿಸಿದ ಭ್ರೂಣವನ್ನು ಅವರು ಅಂದೇ ಬಳಸಿದ್ದರು. ಅವರ ಜೀವಿತಕಾಲದಲ್ಲಿ ಆ ಸಾಧನೆಗೆ ಮನ್ನಣೆ ದೊರೆಯಲಿಲ್ಲ. 1986ರ ಆಗಸ್ಟ್ 6ರಂದು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಮತ್ತು ಡಾ. ಟಿ.ಸಿ. ಆನಂದಕುಮಾರ್ ಅವರ ತಂಡದ ಶ್ರಮದಿಂದ ಜನಿಸಿದ ಶಿಶುವನ್ನೇ ಬಹುಕಾಲ ಮೊದಲನೆಯದೆಂದು ಪರಿಗಣಿಸಲಾಗಿತ್ತು. ಮುಖರ್ಜಿಯವರ ಬರಹಗಳನ್ನು ಪರಿಶೀಲಿಸಿ, ಆ ಗೌರವ ಅವರಿಗೇ ಸಲ್ಲಬೇಕೆಂದು 1997ರಲ್ಲಿ ಸಾರಿದವರು ಸ್ವತಃ ಆನಂದಕುಮಾರ್ ಅವರೇ. ಇಂದು ಪ್ರಪಂಚದಲ್ಲಿ ಈ ವಿಧಾನದಿಂದ ಜನಿಸಿದವರ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ.

ಮುಖ್ಯ ಕಾರಣ: ಅವಳಿ-ತ್ರಿವಳಿ

ಚಿಕಿತ್ಸೆಯಿಂದ ಹುಟ್ಟಿದ ಶಿಶುಗಳ ತೂಕ ಕಡಿಮೆಯಾಗಲು ಅತಿ ದೊಡ್ಡ ಕಾರಣ ಬಹುಶಿಶು ಗರ್ಭ. ಅಂಡಾಶಯವನ್ನು ಪ್ರಚೋದಿಸುವ ಔಷಧಗಳಿಂದ ಒಂದಕ್ಕಿಂತ ಹೆಚ್ಚು ಅಂಡಗಳು ಬಲಿಯಬಹುದು. ಐ.ವಿ.ಎಫ್.ನಲ್ಲಿ ಒಂದಾದರೂ ನಿಲ್ಲಲಿ ಎಂಬ ಆಸೆಯಿಂದ ಎರಡು ಮೂರು ಭ್ರೂಣಗಳನ್ನು ಇಡುವುದು ಬಹುಕಾಲ ರೂಢಿಯಲ್ಲಿತ್ತು. ಫಲವಾಗಿ ಅವಳಿ, ತ್ರಿವಳಿಗಳು ಹೆಚ್ಚಿದವು. ಒಂದೇ ಗರ್ಭಾಶಯದ ಸ್ಥಳವನ್ನೂ ತಾಯಿಯ ಪೋಷಣೆಯನ್ನೂ ಇಬ್ಬರು ಮೂವರು ಹಂಚಿಕೊಳ್ಳಬೇಕಾದಾಗ ಹೆರಿಗೆ ಬೇಗ ಆಗುತ್ತದೆ. ಅರ್ಧಕ್ಕಿಂತ ಹೆಚ್ಚು ಅವಳಿ ಶಿಶುಗಳು 2,500 ಗ್ರಾಂಗಿಂತ ಕಡಿಮೆ ತೂಗುತ್ತವೆ.

ಒಂದೇ ಸಲಕ್ಕೆ ಎರಡು ಮಕ್ಕಳಾದರೆ ಖರ್ಚೂ ಉಳಿಯಿತು, ಸಂಸಾರವೂ ತುಂಬಿತು ಎಂದು ಎಷ್ಟೋ ದಂಪತಿಗಳು ಭಾವಿಸುತ್ತಾರೆ. ಸಾಲ ಮಾಡಿ, ಒಡವೆ ಅಡವಿಟ್ಟು ಚಿಕಿತ್ಸೆಗೆ ಬಂದವರಿಗೆ ಹಾಗೆ ಅನಿಸುವುದು ಅಸಹಜವೂ ಅಲ್ಲ. ಆದರೆ ದಿನ ತುಂಬದೆ ಹುಟ್ಟಿದ ಇಬ್ಬರು ಶಿಶುಗಳನ್ನು ವಾರಗಟ್ಟಲೆ ತೀವ್ರ ನಿಗಾ ಘಟಕದಲ್ಲಿ ಇರಿಸಬೇಕಾಗಿ ಬಂದಾಗ ಈ ಲೆಕ್ಕಾಚಾರ ತಲೆಕೆಳಗಾಗುತ್ತದೆ. ತಾಯಿಗೂ ರಕ್ತದ ಒತ್ತಡ, ರಕ್ತಸ್ರಾವ, ರಕ್ತಹೀನತೆಗಳ ಅಪಾಯ ಹೆಚ್ಚು.

ಈ ವಿಷಯದಲ್ಲಿ ಸ್ವೀಡನ್ನಿನ ಅನುಭವ ಗಮನಾರ್ಹ. 36 ವರ್ಷದೊಳಗಿನ 661 ಮಹಿಳೆಯರನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಒಮ್ಮೆಲೇ ಎರಡು ಭ್ರೂಣಗಳನ್ನು ಇಡಲಾಯಿತು. ಇನ್ನೊಂದು ಗುಂಪಿಗೆ ಒಂದೇ ಭ್ರೂಣವನ್ನಿಟ್ಟು, ಅದು ಫಲಿಸದಿದ್ದರೆ ಮಾತ್ರ ಘನೀಕರಿಸಿದ ಇನ್ನೊಂದು ಭ್ರೂಣವನ್ನು ಮುಂದೆ ಇಡಲಾಯಿತು. ಮೊದಲ ಗುಂಪಿನಲ್ಲಿ ಶೇಕಡ 42.9, ಎರಡನೆಯದರಲ್ಲಿ ಶೇಕಡ 38.8 ಮಹಿಳೆಯರು ಜೀವಂತ ಶಿಶುವನ್ನು ಪಡೆದರು. ವ್ಯತ್ಯಾಸ ಹೆಚ್ಚಲ್ಲ. ಆದರೆ ಬಹುಶಿಶು ಹೆರಿಗೆಗಳ ಪ್ರಮಾಣ ಮೊದಲ ಗುಂಪಿನಲ್ಲಿ ಶೇಕಡ 33.1 ಇದ್ದರೆ ಎರಡನೆಯದರಲ್ಲಿ ಶೇಕಡ 0.8 ಮಾತ್ರ. ಸ್ವಲ್ಪ ತಾಳ್ಮೆಯಿಂದ ಎಷ್ಟು ದೊಡ್ಡ ಅಪಾಯವನ್ನು ತಪ್ಪಿಸಬಹುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಒಂದೇ ಮಗುವಾದರೆ?

ಗರ್ಭದಲ್ಲಿ ಒಂದೇ ಮಗುವಿದ್ದರೂ ತೂಕದಲ್ಲಿ ಸಣ್ಣ ವ್ಯತ್ಯಾಸ ಕಂಡುಬರುತ್ತದೆ ಎಂಬುದು ಕ್ರಮೇಣ ಬೆಳಕಿಗೆ ಬಂದಿತು. ಅಮೆರಿಕದಲ್ಲಿ 1996 ಮತ್ತು 1997ರಲ್ಲಿ ಈ ವಿಧಾನಗಳಿಂದ ಹುಟ್ಟಿದ 42,463 ಶಿಶುಗಳ ಮಾಹಿತಿಯನ್ನು ಪರಿಶೀಲಿಸಿದ ವರದಿ 2002ರಲ್ಲಿ ಹೊರಬಂದಿತು. ದಿನ ತುಂಬಿ ಒಂಟಿಯಾಗಿ ಹುಟ್ಟಿದ ಶಿಶುಗಳಲ್ಲಿಯೂ ಕಡಿಮೆ ತೂಕದ ಸಂಭವವು ಸಾಮಾನ್ಯ ಜನರಲ್ಲಿ ಇರುವುದಕ್ಕಿಂತ 2.6 ಪಟ್ಟು ಇದ್ದಿತು.

ಇದು ಚಿಕಿತ್ಸೆಯ ದೋಷವೋ ಅಥವಾ ಚಿಕಿತ್ಸೆ ಬೇಕಾಗುವಂತೆ ಮಾಡಿದ ಮೂಲ ತೊಂದರೆಯ ಫಲವೋ? ತಾಯಿಯ ವಯಸ್ಸು, ಗರ್ಭಾಶಯದ ಕಾಯಿಲೆಗಳು, ವರ್ಷಗಟ್ಟಲೆ ಗರ್ಭ ನಿಲ್ಲದಿರುವುದು ಇವೂ ಮಗುವಿನ ಬೆಳವಣಿಗೆಯ ಮೇಲೆ ಪರಿಣಾಮ ಬೀರಬಲ್ಲವು. ಇದನ್ನು ಬಿಡಿಸಿ ನೋಡಲು ಸಂಶೋಧಕರು ಒಂದು ಜಾಣ ಉಪಾಯ ಹೂಡಿದರು: ಒಬ್ಬಳೇ ತಾಯಿಗೆ ಒಮ್ಮೆ ಸಹಜವಾಗಿ, ಒಮ್ಮೆ ಚಿಕಿತ್ಸೆಯಿಂದ ಹುಟ್ಟಿದ ಮಕ್ಕಳನ್ನು ಹೋಲಿಸಿ ನೋಡುವುದು. 2008ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ ಇಂತಹ 2,546 ತಾಯಂದಿರಿದ್ದರು. ಇಡೀ ಜನಸಮುದಾಯವನ್ನು ಹೋಲಿಸಿದಾಗ 25 ಗ್ರಾಂ ಇದ್ದ ಕೊರತೆ, ಒಡಹುಟ್ಟಿದವರನ್ನು ಹೋಲಿಸಿದಾಗ ಕೇವಲ 9 ಗ್ರಾಂಗೆ ಇಳಿಯಿತು. ಅಂದರೆ ವ್ಯತ್ಯಾಸದ ಒಂದು ದೊಡ್ಡ ಭಾಗ ಚಿಕಿತ್ಸೆಯದಲ್ಲ. ತಂದೆತಾಯಿಯರ ಸ್ಥಿತಿಗತಿಗೆ ಸಂಬಂಧಿಸಿದ್ದು.

ಇನ್ನೊಂದು ಕಾರಣವೂ ಉಂಟು. ಡೆನ್ಮಾರ್ಕಿನ ಅಧ್ಯಯನವೊಂದರಂತೆ, ಐ.ವಿ.ಎಫ್.ನಿಂದ ಒಂಟಿಯಾಗಿ ಹುಟ್ಟಿದ ಹತ್ತು ಶಿಶುಗಳಲ್ಲಿ ಒಂದು ಮೊದಲಿಗೆ ಅವಳಿಯಾಗಿಯೇ ಗರ್ಭದಲ್ಲಿ ಮೂಡಿರುತ್ತದೆ. ಜೊತೆಯ ಭ್ರೂಣ ಆರಂಭದಲ್ಲಿಯೇ ಕರಗಿಹೋಗುತ್ತದೆ. ಉಳಿದ ಮಗುವಿನ ತೂಕ ಸ್ವಲ್ಪ ಕಡಿಮೆಯಾಗುವ ಸಂಭವವಿದೆ. ಒಂದೇ ಭ್ರೂಣವನ್ನು ಇಡುವುದಕ್ಕೆ ಇದೂ ಒಂದು ಸಮರ್ಥನೆ.

ತಾಜಾ ಭ್ರೂಣ, ಘನೀಕರಿಸಿದ ಭ್ರೂಣ

ಎಲ್ಲಕ್ಕಿಂತ ಕುತೂಹಲಕರವಾದ ಸಂಗತಿ ಇದು: ಚಿಕಿತ್ಸೆಯ ಒಂದು ವಿಧಾನ ತೂಕವನ್ನು ತುಸು ಇಳಿಸಿದರೆ, ಇನ್ನೊಂದು ತುಸು ಏರಿಸುತ್ತದೆ. ಡೆನ್ಮಾರ್ಕ್, ನಾರ್ವೆ ಮತ್ತು ಸ್ವೀಡನ್ ದೇಶಗಳ 45 ಲಕ್ಷ ಜನನಗಳ ದಾಖಲೆಗಳನ್ನು ಆಧರಿಸಿದ, 2021ರ ಅಧ್ಯಯನದಲ್ಲಿಯೂ ಒಡಹುಟ್ಟಿದವರನ್ನು ಹೋಲಿಸಲಾಯಿತು. ಅಂಡ ತೆಗೆದ ಕೆಲವೇ ದಿನಗಳಲ್ಲಿ ತಾಜಾ ಭ್ರೂಣವನ್ನು ಇಟ್ಟಾಗ ಹುಟ್ಟಿದ ಶಿಶುಗಳು ಸಹಜವಾಗಿ ಹುಟ್ಟಿದ ಒಡಹುಟ್ಟಿದವರಿಗಿಂತ ಸರಾಸರಿ ಸುಮಾರು 50 ಗ್ರಾಂ ಕಡಿಮೆ ತೂಗಿದರೆ, ಘನೀಕರಿಸಿದ ಭ್ರೂಣದಿಂದ ಹುಟ್ಟಿದವು ಸುಮಾರು 80 ಗ್ರಾಂ ಹೆಚ್ಚು ತೂಗಿದವು.

ಇದಕ್ಕೆ ವಿಜ್ಞಾನಿಗಳು ಕೊಡುವ ವಿವರಣೆ ಹೀಗಿದೆ. ಅನೇಕ ಅಂಡಗಳನ್ನು ಬಲಿಸಲು ಹಾರ್ಮೋನು ಚುಚ್ಚುಮದ್ದು ನೀಡಿದಾಗ ತಾಯಿಯ ರಕ್ತದಲ್ಲಿ ಈಸ್ಟ್ರೋಜನ್ ಸಹಜ ಮಟ್ಟಕ್ಕಿಂತ ಬಹಳ ಏರುತ್ತದೆ. ಗರ್ಭಾಶಯದ ಒಳಪೊರೆಯ ಮೇಲೆ ಇದರ ಪರಿಣಾಮವಾಗುತ್ತದೆ. ಅಂತಹ ಪೊರೆಯಲ್ಲಿ ಬೇರೂರಿದ ಭ್ರೂಣದ ಮಾಸು ಪೂರ್ಣವಾಗಿ ಬೆಳೆಯದೆ ಹೋಗಬಹುದು. ಭ್ರೂಣವನ್ನು ಘನೀಕರಿಸಿಟ್ಟು ಒಂದೆರಡು ತಿಂಗಳ ಬಳಿಕ ಇಟ್ಟರೆ, ಅಷ್ಟರಲ್ಲಿ ಒಳಪೊರೆ ಸಹಜ ಸ್ಥಿತಿಗೆ ಮರಳಿರುತ್ತದೆ.

ಹಾಗಾದರೆ ಘನೀಕರಣವೇ ಎಲ್ಲರಿಗೂ ಮೇಲೆಂದು ತೀರ್ಮಾನಿಸಬಹುದೇ? ಅದು ಆತುರದ ಮಾತಾದೀತು. ಈ ವಿಧಾನದಲ್ಲಿ ಮಿತಿಮೀರಿ ದೊಡ್ಡದಾದ ಮಕ್ಕಳ ಪ್ರಮಾಣವೂ ಹೆಚ್ಚು. ನಾಲ್ಕು ಕಿಲೋ ಮೀರಿದ ಮಗುವಿನ ಹೆರಿಗೆ ತಾಯಿಗೂ ಮಗುವಿಗೂ ಕಷ್ಟಕರ. ರಕ್ತದ ಒತ್ತಡ ಏರಿ ಮೂತ್ರದಲ್ಲಿ ಪ್ರೋಟೀನು ಕಾಣಿಸಿಕೊಳ್ಳುವ 'ಗರ್ಭನಂಜು' ರೋಗದ ಸಂಭವವೂ ಏರುತ್ತದೆ. ಅಂಡಾಶಯದಲ್ಲಿ ನೀರುಗುಳ್ಳೆಗಳ ತೊಂದರೆಯಿದ್ದ 1,508 ಮಹಿಳೆಯರ ಮೇಲೆ ಚೀನಾದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗರ್ಭನಂಜಿನ ಪ್ರಮಾಣ ತಾಜಾ ಭ್ರೂಣದ ಗುಂಪಿನಲ್ಲಿ ಶೇಕಡ 1.4, ಘನೀಕರಿಸಿದ ಭ್ರೂಣದ ಗುಂಪಿನಲ್ಲಿ ಶೇಕಡ 4.4 ಆಗಿದ್ದಿತು. ಒಳಪೊರೆಯನ್ನು ಪೂರ್ಣವಾಗಿ ಔಷಧದಿಂದಲೇ ಸಿದ್ಧಪಡಿಸಿದಾಗ ಈ ಅಪಾಯ ಹೆಚ್ಚು. ಮಹಿಳೆಯ ಸಹಜ ಋತುಚಕ್ರವನ್ನು ಅನುಸರಿಸಿ ಭ್ರೂಣವನ್ನಿಟ್ಟಾಗ ಕಡಿಮೆ ಎಂದು ಮುಂದಿನ ಅಧ್ಯಯನಗಳು ಸೂಚಿಸಿವೆ. ಆದಕಾರಣ ಯಾವ ವಿಧಾನ ಯಾರಿಗೆ ಹೊಂದುವುದೆಂಬುದನ್ನು ಆಯಾ ಮಹಿಳೆಯ ಸ್ಥಿತಿ ನೋಡಿಯೇ ನಿರ್ಧರಿಸಬೇಕು.

ಪ್ರಯೋಗಶಾಲೆಯ ಪೋಷಕ ದ್ರವ

ಫಲೀಕರಣಗೊಂಡ ಅಂಡವು ಎರಡು ದಿನಗಳಿಂದ ಆರು ದಿನಗಳವರೆಗೆ ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆಯುತ್ತದೆ. ಲವಣ, ಸಕ್ಕರೆ, ಅಮೈನೋ ಆಮ್ಲ, ಪ್ರೋಟೀನುಗಳನ್ನು ಒಳಗೊಂಡ ಪೋಷಕ ದ್ರವವೇ ಆಗ ಅದಕ್ಕೆ ಆಧಾರ. ಕುರಿ ಮತ್ತು ದನಗಳ ಭ್ರೂಣಗಳನ್ನು ಹೀಗೆ ಬೆಳೆಸಿದಾಗ ಕೆಲವೊಮ್ಮೆ ಅಸಾಧಾರಣ ಗಾತ್ರದ ಕರುಮರಿಗಳು ಹುಟ್ಟುವುದನ್ನು ಪಶುವಿಜ್ಞಾನಿಗಳು 1990ರ ದಶಕದಲ್ಲಿಯೇ ಗಮನಿಸಿದ್ದರು. ಮನುಷ್ಯರಲ್ಲಿಯೂ ದ್ರವದ ಪ್ರಭಾವ ಉಂಟೆಂಬುದಕ್ಕೆ 2010ರಲ್ಲಿ ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ನಗರದಿಂದ ಸಾಕ್ಷ್ಯ ದೊರೆಯಿತು. ಎರಡು ಬೇರೆ ಬೇರೆ ದ್ರವಗಳಲ್ಲಿ ಬೆಳೆದ ಭ್ರೂಣಗಳಿಂದ ಹುಟ್ಟಿದ ಒಂಟಿ ಶಿಶುಗಳ ಸರಾಸರಿ ತೂಕದಲ್ಲಿ 245 ಗ್ರಾಂ ಅಂತರ ಕಂಡುಬಂದಿತು. ಅನಂತರ ಅದೇ ದೇಶದ ಆರು ಕೇಂದ್ರಗಳಲ್ಲಿ 836 ದಂಪತಿಗಳನ್ನು ಒಳಗೊಂಡು ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ಎರಡು ದ್ರವಗಳ ನಡುವೆ 158 ಗ್ರಾಂ ವ್ಯತ್ಯಾಸ ದಾಖಲಾಯಿತು. ಜೀವನದ ಮೊದಲ ಕೆಲವು ದಿನಗಳ ಆಹಾರವೇ ಒಂಬತ್ತು ತಿಂಗಳ ಬಳಿಕದ ತೂಕದಲ್ಲಿ ತನ್ನ ಗುರುತು ಉಳಿಸುತ್ತದೆಂಬುದು ಆಶ್ಚರ್ಯದ ಸಂಗತಿ. ಬೆಳವಣಿಗೆಯನ್ನು ನಿಯಂತ್ರಿಸುವ ವಂಶವಾಹಿಗಳಲ್ಲಿ ಯಾವುದು ಎಚ್ಚೆತ್ತಿರಬೇಕು, ಯಾವುದು ಸುಮ್ಮನಿರಬೇಕು ಎಂಬ ವ್ಯವಸ್ಥೆ ರೂಪುಗೊಳ್ಳುವುದು ಆ ದಿನಗಳಲ್ಲಿಯೇ ಎಂಬುದು ಇದಕ್ಕೆ ಮುಖ್ಯ ವಿವರಣೆ. ಇಕ್ಸಿ ವಿಧಾನದ ಸೂಜಿಯಿಂದಾಗಲಿ, ಸಾಮಾನ್ಯ ಐ.ವಿ.ಎಫ್.ನಿಂದಾಗಲಿ ತೂಕದಲ್ಲಿ ಹೇಳಿಕೊಳ್ಳುವಂತಹ ಅಂತರ ಕಂಡುಬಂದಿಲ್ಲ.

ಆತಂಕಕ್ಕೆ ಕಾರಣವಿಲ್ಲ

ಈ ಅಂಕಿಗಳನ್ನು ಸರಿಯಾದ ಅಳತೆಯಲ್ಲಿ ನೋಡಬೇಕು. ಐವತ್ತು ಗ್ರಾಂ ಎಂದರೆ ಹಿಡಿ ಅಕ್ಕಿಯ ತೂಕ. ಸಾವಿರಾರು ಮಕ್ಕಳ ಸರಾಸರಿಯಲ್ಲಿ ಇದು ವಿಜ್ಞಾನಿಗಳಿಗೆ ಅರ್ಥಪೂರ್ಣವಾದರೂ, ಒಂದು ಮನೆಯ ಒಂದು ಮಗುವಿನ ಆರೋಗ್ಯವನ್ನು ಅದು ನಿರ್ಧರಿಸುವುದಿಲ್ಲ. ಒಂಟಿಯಾಗಿ ಹುಟ್ಟುವ ಐ.ವಿ.ಎಫ್. ಮಕ್ಕಳಲ್ಲಿ ಬಹುಪಾಲು ಸರಿಯಾದ ತೂಕದಿಂದಲೇ ಹುಟ್ಟುತ್ತವೆ. ಮೇಲಾಗಿ ವಿಧಾನಗಳು ಸುಧಾರಿಸುತ್ತಲೇ ಬಂದಿವೆ. ಬ್ರಿಟನ್ನಿನಲ್ಲಿ 1991ರಿಂದ 2015ರವರೆಗಿನ ದಾಖಲೆಗಳನ್ನು ಪರಿಶೀಲಿಸಿದಾಗ ಇಂತಹ ಒಂಟಿ ಶಿಶುಗಳ ಸರಾಸರಿ ತೂಕ ಸುಮಾರು 180 ಗ್ರಾಂ ಏರಿರುವುದು ತಿಳಿದುಬಂದಿದೆ.

ಮಗು ಸಣ್ಣದಾಗಿ ಹುಟ್ಟಿದರೆ ತಾಯಿಯನ್ನು ದೂಷಿಸುವ ಪ್ರವೃತ್ತಿ ನಮ್ಮ ಸಮಾಜದಲ್ಲಿ ಇನ್ನೂ ಇದೆ. ಇದು ಸರ್ವಥಾ ಸಲ್ಲದು. ಸಂತಾನಹೀನತೆಗೆ ಗಂಡಸಿನ ದೋಷವೂ ಕಾರಣವಾಗಬಹುದೆಂಬುದನ್ನು, ಹಾಗೂ ಭ್ರೂಣ, ಔಷಧ, ಪ್ರಯೋಗಶಾಲೆ ಇವೆಲ್ಲದರ ಪಾತ್ರ ತೂಕದಲ್ಲಿ ಇದೆಯೆಂಬುದನ್ನು ಮನೆಯ ಹಿರಿಯರು ಅರಿಯಬೇಕು.

ಕಾನೂನಿನ ರಕ್ಷಣೆ

ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಅಧಿನಿಯಮ, 2021, ದೇಶದಲ್ಲಿ 2022ರ ಜನವರಿ 25ರಿಂದ ಜಾರಿಯಲ್ಲಿದೆ. ಈ ಚಿಕಿತ್ಸೆ ನೀಡುವ ಪ್ರತಿಯೊಂದು ಚಿಕಿತ್ಸಾಲಯವೂ ನೋಂದಣಿ ಪಡೆದಿರಬೇಕು. ಚಿಕಿತ್ಸೆಯ ಅನುಕೂಲ, ಅನನುಕೂಲ, ವೆಚ್ಚ, ಯಶಸ್ಸಿನ ಸಾಧ್ಯತೆ, ಅಡ್ಡ ಪರಿಣಾಮ ಮತ್ತು ಬಹುಶಿಶು ಗರ್ಭದ ಅಪಾಯವನ್ನು ದಂಪತಿಗಳಿಗೆ ತಿಳಿಯಹೇಳುವುದು ಚಿಕಿತ್ಸಾಲಯದ ಕರ್ತವ್ಯ. ಲಿಖಿತ ಒಪ್ಪಿಗೆಯಿಲ್ಲದೆ ಚಿಕಿತ್ಸೆ ನಡೆಸುವಂತಿಲ್ಲ. ದಂಪತಿಗಳು ಸಂಕೋಚ ಬಿಟ್ಟು ಕೆಳಗಿನ ಪ್ರಶ್ನೆಗಳನ್ನು ಕೇಳಬೇಕು:

1. ಎಷ್ಟು ಭ್ರೂಣಗಳನ್ನು ಇಡಲಾಗುವುದು? ಒಂದೇ ಸಾಕಾಗದೇ?
2. ಭ್ರೂಣ ತಾಜಾ ಇರುವುದೋ, ಘನೀಕರಿಸಿದ್ದೋ? ಅದನ್ನೇ ಆರಿಸಲು ಕಾರಣವೇನು?
3. ಘನೀಕರಿಸಿದ್ದಾದರೆ ಸಹಜ ಋತುಚಕ್ರದಲ್ಲಿ ಇಡಲು ಸಾಧ್ಯವೇ?
4. ಮಾತ್ರೆ, ಚುಚ್ಚುಮದ್ದಿನಂತಹ ಸರಳ ಚಿಕಿತ್ಸೆಯಲ್ಲಿ ಹಲವು ಅಂಡಗಳು ಬಲಿತರೆ ಆ ತಿಂಗಳ ಚಿಕಿತ್ಸೆಯನ್ನು ಕೈಬಿಡಬೇಕೇ?

ಗರ್ಭಿಣಿಯ ಆರೈಕೆ

ಗರ್ಭ ನಿಂತ ಬಳಿಕ ಮಗುವಿನ ತೂಕವನ್ನು ಕಾಯುವ ಉಪಾಯಗಳು ಎಲ್ಲ ಗರ್ಭಿಣಿಯರಿಗೂ ಒಂದೇ. ಬೇಳೆ, ಸೊಪ್ಪು, ಹಾಲು, ಮೊಟ್ಟೆ, ರಾಗಿಯಂತಹ ಪೌಷ್ಟಿಕ ಆಹಾರ. ವೈದ್ಯರು ಹೇಳಿದಂತೆ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳು. ರಕ್ತದ ಒತ್ತಡ, ಸಕ್ಕರೆ, ರಕ್ತಹೀನತೆಗಳ ಪರೀಕ್ಷೆ. ತಂಬಾಕು ಮತ್ತು ಅದರ ಹೊಗೆಯಿಂದ ದೂರವಿರುವುದು. 'ಅಮೂಲ್ಯ ಗರ್ಭ'ವೆಂದು ತಿಂಗಳುಗಟ್ಟಲೆ ಹಾಸಿಗೆ ಹಿಡಿಯುವುದರಿಂದ ಮಗುವಿನ ತೂಕ ಹೆಚ್ಚುವುದಿಲ್ಲ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿಯಲ್ಲಿ 2016ರಿಂದ ಪ್ರತಿ ತಿಂಗಳ 9ನೆಯ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆಯ ವ್ಯವಸ್ಥೆ ಇದೆ.

ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಚಿಕಿತ್ಸೆ ಪಡೆದು ಹೆರಿಗೆಗೆ ತವರಿಗೆ ಹೋಗುವವರು ಚಿಕಿತ್ಸೆಯ ಕಾಗದಪತ್ರಗಳನ್ನು ತಪ್ಪದೆ ಒಯ್ಯಬೇಕು. ಭ್ರೂಣ ಇಟ್ಟ ದಿನಾಂಕ ಮತ್ತು ಅಂದು ಅದಕ್ಕೆ ಎಷ್ಟು ದಿನ ವಯಸ್ಸಾಗಿತ್ತು ಎಂಬುದು ತಿಳಿದರೆ ಗರ್ಭದ ವಾರಗಳನ್ನು ನಿಖರವಾಗಿ ಎಣಿಸಬಹುದು. ಮಗು ಸಣ್ಣದಾಗಿದೆಯೋ ಅಥವಾ ದಿನ ಇನ್ನೂ ತುಂಬಿಲ್ಲವೋ ಎಂಬುದನ್ನು ಊರಿನ ವೈದ್ಯರು ನಿರ್ಧರಿಸುವುದು ಆ ಒಂದು ದಿನಾಂಕದ ಮೇಲೆ.

ಸಣ್ಣ ಮಗುವಿಗೂ ದೊಡ್ಡ ಭರವಸೆ

ಎಲ್ಲ ಎಚ್ಚರಿಕೆಯ ನಡುವೆಯೂ ಮಗು ಕಡಿಮೆ ತೂಕದಿಂದ ಹುಟ್ಟಿದರೆ ಧೈರ್ಯಗೆಡಬೇಕಾಗಿಲ್ಲ. ಮಗುವನ್ನು ತಾಯಿಯ ಬರಿಯ ಎದೆಗೆ ಅಪ್ಪಿಸಿ ಬೆಚ್ಚಗಿಡುವ 'ಕಾಂಗರೂ ಆರೈಕೆ' ಅತಿ ಸರಳವಾದ, ಹಣ ಬೇಡದ ಚಿಕಿತ್ಸೆ. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೆ ಈ ಆರೈಕೆ ಪಡೆದ ಕಡಿಮೆ ತೂಕದ ಶಿಶುಗಳ ಮರಣ ಶೇಕಡ 15.7ರಿಂದ 12ಕ್ಕೆ ಇಳಿಯಿತು. ತಂದೆ, ಅಜ್ಜಿ, ಚಿಕ್ಕಮ್ಮ ಯಾರು ಬೇಕಾದರೂ ಸರದಿಯಂತೆ ಮಗುವನ್ನು ಎದೆಗಪ್ಪಿಕೊಳ್ಳಬಹುದು. ಅದರೊಡನೆ ತಾಯಿಯ ಹಾಲು, ಮಗುವಿಗೆ ಚೀಪಲು ಬಾರದಿದ್ದರೆ ಹಿಂಡಿದ ಹಾಲನ್ನು ಒಳಲೆಯಲ್ಲಿ ಕುಡಿಸುವುದು, ಸ್ನಾನವನ್ನು ಮುಂದೂಡುವುದು, ಕೈ ತೊಳೆದು ಮುಟ್ಟುವುದು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದನ್ವಯ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಪೀಡಿತ ಶಿಶುಗಳಿಗೆ ಚಿಕಿತ್ಸೆ, ಔಷಧ ಮತ್ತು ವಾಹನ ಸೌಲಭ್ಯ ಉಚಿತ.

ಮಕ್ಕಳಿಲ್ಲದವರಿಗೆ ವಿಜ್ಞಾನ ತೆರೆದ ಬಾಗಿಲು ದೊಡ್ಡದು. ಒಂದು ಬಾರಿಗೆ ಒಂದೇ ಭ್ರೂಣ, ತಿಳಿದು ಕೊಟ್ಟ ಒಪ್ಪಿಗೆ, ಕ್ರಮವಾದ ತಪಾಸಣೆ, ಹುಟ್ಟಿದ ಮಗುವಿಗೆ ಎದೆಯ ಬಿಸುಪು ಮತ್ತು ತಾಯಿಯ ಹಾಲು: ಇಷ್ಟು ದಕ್ಕಿದರೆ ಆ ಬಾಗಿಲಿನಿಂದ ಬರುವ ಮಗು ಸಹಜವಾಗಿ ಹುಟ್ಟಿದ ಇತರ ಮಕ್ಕಳ ಸಾಲಿನಲ್ಲಿಯೇ ಬೆಳೆಯುತ್ತದೆ.